ಬಣ್ಣದ ಆಸೆಗೆ ರೂಟ್ ಶೆಲ್ ಬದಲಿಸಿದವರಿಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಲೆಕ್ಕಪತ್ರದ ಸರ್ವರನ್ನು ನೋಡಿಕೊಳ್ಳುವ ನಾನು, ಕಳೆದ ವಾರ ರಾತ್ರಿ 11 ಗಂಟೆಗೆ, ಜಡಿಮಳೆಯಲ್ಲಿ ನೆನೆಯುತ್ತ ಟಿಳಕವಾಡಿಯಿಂದ ಅಲ್ಲಿಗೆ ಬೈಕಿನಲ್ಲಿ ಧಾವಿಸಬೇಕಾಯಿತು. ಹೊಸದಾಗಿ ಸೇರಿದ ಹುಡುಗನೊಬ್ಬ ಯಾರಿಗೂ ತಿಳಿಸದೆ ರೂಟ್ ಖಾತೆಯ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಲಾಗಿನ್ ಶೆಲ್ಲನ್ನು, ಅಂದರೆ ಒಳಬಂದವರ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶವನ್ನು, ಬ್ಯಾಶ್‌ನಿಂದ ಫಿಶ್‌ಗೆ ಬದಲಿಸಿದ್ದ. ಏಕೆಂದು ಕೇಳಿದರೆ, "ಸರ್, ಹಳೇದು ಬರೇ ಕರಿ-ಬಿಳಿ ಇತ್ರಿ, ಇದರಾಗ ಬಣ್ಣ ಬರ್ತಾವ್ರಿ" ಎಂದ.

ಬಣ್ಣ ಬಂದವು, ಬ್ಯಾಕಪ್ ಹೋಯಿತು. ಪ್ರತಿ ರಾತ್ರಿ ಇನ್ನೊಂದು ಯಂತ್ರವು ದೂರದಿಂದ ಸುರಕ್ಷಿತವಾಗಿ ಒಳಬರುವ ದಾರಿಯಾದ ಎಸ್‌ಎಸ್‌ಎಚ್ ಮೂಲಕ ರೂಟ್ ಆಗಿ ಒಳಬಂದು ಡೇಟಾಬೇಸಿನ ಪ್ರತಿ ತೆಗೆಯುತ್ತಿತ್ತು. ಹಾಗೆ ದೂರದಿಂದ ಬರುವ ಆಜ್ಞೆಯನ್ನು ಓದುವುದು ಆ ಖಾತೆಯ ಲಾಗಿನ್ ಶೆಲ್ಲೇ ಎಂಬುದನ್ನು ಇವರಿಗೆ ಯಾರೂ ಕಲಿಸಿದಂತಿಲ್ಲ. ಆಜ್ಞೆಯ ಕೊನೆಯಲ್ಲಿ ಫಲಿತಾಂಶ ತಿಳಿಯಲು ನಾನು ಬರೆದಿದ್ದ "$?" ಎಂಬುದು ಫಿಶ್‌ಗೆ ಒಪ್ಪಿಗೆಯಿಲ್ಲ. ಆ ಎರಡು ಚಿಹ್ನೆ ಕಂಡದ್ದೇ ತಡ, ಅದು ಇಡೀ ಸಾಲನ್ನೇ ತಿರಸ್ಕರಿಸಿತು. ಹೀಗೆ 11 ರಾತ್ರಿಗಳ ಪ್ರತಿಯೇ ಇಲ್ಲ. (ವೈಫಲ್ಯದ ಮಿಂಚಂಚೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗುತ್ತಿದ್ದವು, ಅದರಲ್ಲಿ ನನ್ನ ತಪ್ಪೂ ಇದೆ.)

ಅಷ್ಟಕ್ಕೇ ಮುಗಿಯಲಿಲ್ಲ. ಡಿಸ್ಕ್ ತುಂಬಿತೆಂದು ಇನ್ನೊಬ್ಬ ಮಹಾಶಯರು "ಬೇಡವಾದ" ಪ್ಯಾಕೇಜುಗಳನ್ನು ತೆಗೆಯುವಾಗ ಫಿಶ್ಶನ್ನೂ ತೆಗೆದರು. ಪಾಸ್‌ವರ್ಡ್ ಫೈಲಿನ ರೂಟ್ ಸಾಲಿನ 7ನೆಯ, ಅಂದರೆ ಕೊನೆಯ ಅಂಕಣದಲ್ಲಿ ಅದರ ಹೆಸರು ಮಾತ್ರ ಹಾಗೆಯೇ ಉಳಿಯಿತು. ಗುಪ್ತಪದ ಸರಿಯಿದ್ದರೂ ಶೆಲ್ ಇಲ್ಲವೆಂದು ಸರ್ವರ್ ರೂಟನ್ನೇ ಹೊರಗಿಟ್ಟಿತು. ರೂಟ್ ಕೆಲಸಗಳನ್ನು ಮಾಡಲು ಬಿಡುವ ಸುಡೊ ಅಧಿಕಾರವಿದ್ದ ಬೇರೆ ಖಾತೆಯೂ ಅಲ್ಲಿರಲಿಲ್ಲ.

ಕೊನೆಗೆ ಯಂತ್ರದ ಮುಂದೆಯೇ ಕುಳಿತು, ಯಂತ್ರ ಶುರುವಾಗುವಾಗ ಬರುವ ಗ್ರಬ್ ಪರದೆಯಲ್ಲಿ "ಇ" ಒತ್ತಿ, ಕರ್ನೆಲ್ (ವ್ಯವಸ್ಥೆಯ ತಿರುಳು) ಶುರುಮಾಡುವ ಸಾಲಿನ ತುದಿಗೆ ನೇರವಾಗಿ ಬ್ಯಾಶ್ ತೆರೆಯುವ ಸೂಚನೆ ಸೇರಿಸಿ, ಡಿಸ್ಕನ್ನು ಬರೆಯಲು ಬರುವಂತೆ ಮರುಮೌಂಟ್ ಮಾಡಿ, ಆ ಒಂದು ಪದವನ್ನು ತಿದ್ದಿದೆ. ಒದ್ದೆ ತೋಳಿನಿಂದ ಕೀಬೋರ್ಡಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಫಿಶ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಸ್ವಂತ ಖಾತೆಯಲ್ಲಿ ಅದನ್ನೇ ಬಳಸುತ್ತೇನೆ. ರೂಟ್ ಆಗಿ ಒಳಹೊಕ್ಕ ಮೇಲೂ ಬೇಕೆನಿಸಿದರೆ "ಫಿಶ್" ಎಂದು ಟೈಪಿಸಿದರೆ ಸಾಕಲ್ಲವೇ? ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯವರು ಇಂಥ ಚಪಲಕ್ಕೆಂದೇ "ಟೂರ್" ಎಂಬ ಎರಡನೆಯ ರೂಟ್ ಖಾತೆ ಇಟ್ಟಿದ್ದಾರೆ. ಅವರೇ ರೂಟ್‌ನ ಶೆಲ್ಲನ್ನು ಸಿಎಸ್‌ಎಚ್‌ನಿಂದ ಎಸ್‌ಎಚ್‌ಗೆ ಬದಲಿಸಿದ್ದು 2023ರ 14.0 ಆವೃತ್ತಿಯಲ್ಲಿ, ಅದೂ ಮೊದಲೇ ಎಲ್ಲರಿಗೂ ತಿಳಿಸಿ.

ಮರುದಿನ ಮಾಲೀಕರಿಗೆ ವಿವರಿಸಲು ಹೋದರೆ, "ಮಷಿನ್ ಚಾಲೂ ಆತಲ್ರಿ, ಮತ್ತೇನ್ರಿ?" ಎಂದರು. 11 ದಿನ ಬ್ಯಾಕಪ್ ಇರಲಿಲ್ಲವೆಂಬ ನನ್ನ ಮಾತು ಮುಗಿಯುವ ಮೊದಲೇ ಅವರಿಗೆ ಫೋನು ಬಂತು.