‘ಟೆನ್ಶನ್ ಮಾಡ್ಕೋಬೇಡಿ’ ಅನ್ನೋ ಔಷಧಿ

ನನಗೆ ಒತ್ತಡ ಇದೆ ಅಂತ ಮೊದಲು ಕಂಡುಹಿಡಿದವರು ಹಲ್ಲಿನ ಡಾಕ್ಟರು. “ರಾತ್ರಿ ಹಲ್ಲು ಕಡೀತೀರಾ?” ಅಂದ್ರು. ಇಲ್ಲ ಅಂದೆ. ಕನ್ನಡಿ ಹಿಡಿದು ತೋರಿಸಿದ್ರು, ದವಡೆ ಹಲ್ಲುಗಳೆಲ್ಲ ಸವೆದು ಚಪ್ಪಟೆಯಾಗಿದ್ದವು. ಹಾಸಿಗೆ ಹಿಡಿದಿದ್ದ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಎರಡನೇ ವರ್ಷ ಅದು. ಯಾರು ಕೇಳಿದರೂ ‘ಚೆನ್ನಾಗಿದ್ದೀನಿ’ ಅಂತಿದ್ದೆ.

ಸಿಕ್ಕವರೆಲ್ಲ ಕೊಡುತ್ತಿದ್ದ ಸಲಹೆ ಒಂದೇ: ‘ಟೆನ್ಶನ್ ಮಾಡ್ಕೋಬೇಡಿ, ಎಲ್ಲಾ ಮನಸ್ಸಲ್ಲೇ ಇರೋದು.’ ನನ್ನ ತಕರಾರು ಆ ಎರಡನೇ ಮಾತಿನ ಬಗ್ಗೆ. ಮನಸ್ಸಲ್ಲಿ ಶುರುವಾಗಬಹುದು ಸ್ವಾಮಿ, ಆದರೆ ಅಲ್ಲೇ ಕೂತಿರೋದಿಲ್ಲ.

ಅಪಾಯ ಕಂಡ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಅನ್ನೋ ಹಾರ್ಮೋನು ಬಿಡುತ್ತವೆ, ಅದರ ಬೆನ್ನಿಗೇ ಕಾರ್ಟಿಸಾಲ್ ಅನ್ನೋ ಇನ್ನೊಂದು. ಎದೆಬಡಿತ, ಬಿಪಿ ಏರುತ್ತೆ, ಯಕೃತ್ತು ರಕ್ತಕ್ಕೆ ಸಕ್ಕರೆ ಸುರಿಯುತ್ತೆ, ಜೀರ್ಣದ ಕೆಲಸ ಹಿಂದೆ ಬೀಳುತ್ತೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಜೀವ ಉಳಿಸುತ್ತೆ. ನಾಯಿಯೇನೋ ಹತ್ತು ನಿಮಿಷಕ್ಕೆ ಹೊರಟುಹೋಗುತ್ತೆ. ಸಾಲ, ಮನೆಯವರ ಕಾಯಿಲೆ, ಕೆಲಸ ಹೋಗುವ ಭಯ ಹೋಗಲ್ಲ. ಓಡೋದಕ್ಕೆ ಅಂತ ಬಂದ ಸಕ್ಕರೆ, ಕುರ್ಚಿ ಬಿಟ್ಟು ಏಳದವರ ರಕ್ತದಲ್ಲಿ ಸುತ್ತುತ್ತಾ ಇರುತ್ತೆ. ಹೊಟ್ಟೆಯ ಸುತ್ತ ಕೊಬ್ಬು, ಏರಿದ್ದು ಇಳಿಯದ ಬಿಪಿ, ಮೂರು ಗಂಟೆಗೆ ಎಚ್ಚರ... ಗೊತ್ತಿರೋರಿಗೆ ಗೊತ್ತು.

1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇದನ್ನು ಇಲಿಗಳಲ್ಲಿ ಕಂಡಿದ್ದರು. ಚಳಿಯಲ್ಲಿಟ್ಟರೂ, ಗಾಯ ಮಾಡಿದರೂ, ವಿಪರೀತ ದಣಿಸಿದರೂ ಪರಿಣಾಮ ಒಂದೇ: ಅಡ್ರಿನಲ್ ಊದಿಕೊಳ್ಳುತ್ತಿತ್ತು, ರೋಗನಿರೋಧಕ ಕಣಗಳು ಬಲಿಯುವ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣು. ಪಾಪ ಇಲಿಗಳು.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು 1995ರ ಇನ್ನೊಂದು ಅಧ್ಯಯನ. ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರನ್ನೂ, ಅದೇ ವಯಸ್ಸಿನ, ಆ ಹೊರೆ ಇಲ್ಲದ ಇನ್ನು 13 ಹೆಂಗಸರನ್ನೂ ಆರಿಸಿಕೊಂಡರು. ಎಲ್ಲರ ಮುಂಗೈಯಲ್ಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ, ದಿನ ಎಣಿಸುತ್ತಾ ಕೂತರು. ಆರೈಕೆ ಮಾಡುತ್ತಿದ್ದವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಬರೀ 26 ಜನ, ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೂ ಚರ್ಮಕ್ಕೆ ಯಾರಾದರೂ ‘ಮನಸ್ಸಿಗೆ ಹಚ್ಕೋಬೇಡ’ ಅಂತ ಹೇಳೋಕಾಗುತ್ತಾ?

ಹಾಗಂತ ಎಲ್ಲಾ ಕಾಯಿಲೆಯನ್ನೂ ಒತ್ತಡದ ತಲೆಗೆ ಕಟ್ಟೋದೂ ತಪ್ಪು. ಹೊಟ್ಟೆ ಹುಣ್ಣಿನವರಿಗೆ ದಶಕಗಟ್ಟಲೆ ‘ಚಿಂತೆ ಬಿಡಿ’ ಅಂತ ಹೇಳಿ ಕಳಿಸುತ್ತಿದ್ದರು. ಹೆಚ್ಚಿನ ಹುಣ್ಣುಗಳ ಹಿಂದೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಅಂತ ತೋರಿಸಿದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಎದೆ ನೋವು ಬಂದರೆ ಟೆನ್ಶನ್ ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸಿಕೊಳ್ಳಿ.

ಉಸಿರಾಟದ ಅಭ್ಯಾಸ ನಾನೂ ಮಾಡಿದೆ. ಮಾಡುವಷ್ಟು ಹೊತ್ತು ಹಿತವಾಗಿರುತ್ತಿತ್ತು, ಆಮೇಲೆ ಅಮ್ಮ ಕರೆಯುತ್ತಿದ್ದರು. ಹೊರೆ ಇಳಿದದ್ದು ಚಿಕ್ಕಮ್ಮನ ಮಗಳಿಂದ. ವಾರಕ್ಕೆ ಎರಡು ರಾತ್ರಿ ಬಂದು ಅಮ್ಮನ ಪಕ್ಕ ಮಲಗೋಕೆ ಶುರು ಮಾಡಿದಳು. ಸಲಹೆ ಗಿಲಹೆ ಏನೂ ಕೊಡಲಿಲ್ಲ, ‘ನೀನು ಹೋಗಿ ಮಲಗು’ ಅಂದಳು, ಅಷ್ಟೇ. ಆ ಮೊದಲ ರಾತ್ರಿ ಹನ್ನೊಂದು ಗಂಟೆ ನಿದ್ದೆ ಹೊಡೆದೆ. ಹಲ್ಲಿಗೆ ಹಾಕಿಕೊಳ್ಳೋ ಗಾರ್ಡು ಇನ್ನೂ ದಿಂಬಿನ ಪಕ್ಕದ ಡಬ್ಬಿಯಲ್ಲಿದೆ. ಕೆಲವು ರಾತ್ರಿ ಈಗಲೂ ಬೇಕಾಗುತ್ತೆ.