ನೆಪ್ಚೂನಿಗೆ ಹೋಗಿಬಂದ ಕ್ಯಾಸೆಟ್ಟು

ಮುಂಬಯಿ ಪಕ್ಕದ ಡೊಂಬಿವಲಿಯ ಫ್ಲ್ಯಾಟುಗಳ ಲಾಫ್ಟಿನಲ್ಲಿ ಬೇಕಾದದ್ದು ಸಿಗುವುದಿಲ್ಲ, ಸಿಕ್ಕಿದ್ದು ಬೇಕಿರುವುದಿಲ್ಲ. ಆದರೆ ಸಿಕ್ಕಿದ್ದು ‘ಇವೆಂಟ್ ಹೊರೈಜನ್’ ಎಂಬ ಬಾಹ್ಯಾಕಾಶದ ಹಾರರ್ ಚಿತ್ರದ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಾದರೆ ರದ್ದಿಯವನಿಗೆ ಹಾಕಬೇಡಿ. ಅಮೆರಿಕದಲ್ಲಿ ಅದು ತೆರೆಕಂಡದ್ದು 1997ರ ಆಗಸ್ಟ್ 15ಕ್ಕೆ. ನಾವಿಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಲಾಡು ತಿನ್ನುತ್ತಿದ್ದಾಗ ಅಲ್ಲಿ ಅದು ಮಕಾಡೆ ಮಲಗಿತು. ಸುಮಾರು 6 ಕೋಟಿ ಡಾಲರ್ ಸುರಿದು ಆ ದೇಶದಲ್ಲಿ ಬಾಚಿದ್ದು 2.7 ಕೋಟಿಯಷ್ಟು. ಮತ್ತೆ ಜೀವ ಬಂದದ್ದು ಮನೆಗಳಲ್ಲಿ ಡಿವಿಡಿ ಓಡಿದಾಗ.

ಕಥೆ ಇಷ್ಟೆ: 2040ರಲ್ಲಿ ಕಾಣೆಯಾದ ನೌಕೆ 7 ವರ್ಷದ ಮೇಲೆ ನೆಪ್ಚೂನ್ ಹತ್ತಿರ ಸಿಗುತ್ತದೆ, ಏನನ್ನೋ ಹತ್ತಿಸಿಕೊಂಡು. ಹುಡುಕಿ ಹೋದವರು ಹಿಂದೆಮುಂದೆ ನೋಡದೆ ಒಳಹೊಕ್ಕು ಕೆಡುತ್ತಾರೆ. ನಿಮ್ಮ ಕ್ಯಾಸೆಟ್ಟೂ ಇಪ್ಪತ್ತು ಮುಂಬಯಿ ಮಳೆಗಾಲ ಕಾಣೆಯಾಗಿತ್ತು, ನೆನಪಿರಲಿ.

ಮೊದಲು ಅದರ ಕಿಟಕಿಯಲ್ಲಿ ಇಣುಕಿ. ಸುತ್ತಿದ ಟೇಪಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಉಪ್ಪಿನಕಾಯಿಯದ್ದಾದರೆ ಅಮ್ಮನ ಕಣ್ಣು ತಪ್ಪಿಸಿ ತೆಗೆದುಹಾಕಬಹುದು. ಇದನ್ನು ಹಾಗೇ ಕ್ಯಾಸೆಟ್ ಓಡಿಸುವ ವಿಸಿಆರಿಗೆ ತುರುಕಿದರೆ, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ, ಮುಂದೆ ಹಾಕುವ ಮದುವೆ ಕ್ಯಾಸೆಟ್ಟಿಗೂ ದಾಟುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಹಪ್ಪಳದ ಡಬ್ಬವೇ ಸರಿ, ಆದರೆ ಹಪ್ಪಳ ತೆಗೆದು.

ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಕ್ಯಾಸೆಟ್ ಬೋರಲು ಹಾಕಿ 5 ಸ್ಕ್ರೂ ಬಿಚ್ಚಿ. ಎರಡು ಹೋಳನ್ನೂ ಒತ್ತಿ ಹಿಡಿದು ಮಗುಚಿ, ಮೇಲಿನದನ್ನು ನಿಧಾನ ಎತ್ತಿ. ಕೆಳಗೊಂದು ಸ್ಟೀಲ್ ತಟ್ಟೆ ಇರಲಿ. ಚಿಕ್ಕ ರೋಲರು, ಸ್ಪ್ರಿಂಗುಗಳಿಗೆ ಸೋಫಾದಡಿಯ ಮೇಲೆ ವಿಪರೀತ ಮೋಹ. ಟೇಪ್ ಹೋಗುವ ದಾರಿಯ ಫೋಟೋ ತೆಗೆದುಕೊಂಡೇ ಮುಂದಿನ ಕೆಲಸ. ಎಳೆ ಬಿಡದ ಒಣ ಬಟ್ಟೆಯಲ್ಲಿ ಟೇಪನ್ನು ಹಗುರವಾಗಿ ಹಿಡಿದು, ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತಾ ಹೋಗಿ. ಬೇಜಾರಿನ ಕೆಲಸ. ಸ್ಟವ್ ಮೇಲೆ ಹಾಲಿಟ್ಟು ಕೂರಬೇಡಿ.

ಎಲ್ಲರೂ ಎಡವುವುದು ವಿಸಿಆರ್ ಹೆಡ್ ಹತ್ತಿರ. ಕಿವಿಗೆ ಹಾಕುವ ಹತ್ತಿಕಡ್ಡಿ ಇಲ್ಲಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಮೆದು ಶ್ಯಾಮಿ (chamois) ತೊಗಲನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಹೆಡ್ಡುಗಳಿರುವ ಗುಂಡು ಡ್ರಮ್ಮಿಗೆ ತಾಗಿಸಿ ಹಿಡಿಯಿರಿ. ತೊಗಲು ಹಿಡಿದ ಕೈ ಅಲ್ಲಾಡಬಾರದು, ಇನ್ನೊಂದು ಕೈಯಿಂದ ತಿರುಗಿಸಬೇಕಾದ್ದು ಡ್ರಮ್ಮನ್ನು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ಚೂರು ಮುರಿಯುತ್ತದೆ, ಅಲ್ಲಿಗೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿನ ಪ್ರದಕ್ಷಿಣೆ ಶುರು. ಹದಿನೈದು ನಿಮಿಷ ಆರಲಿ.

ಅಷ್ಟಾಗಿ ಚಿತ್ರ ಓಡಿದರೆ 92 ನಿಮಿಷಕ್ಕೇ ಮುಗಿಯುತ್ತದೆ. ಅಸಲು 96. ಉಳಿದ ನಾಲ್ಕನ್ನು ದೆವ್ವ ತಿಂದಿಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ನಮ್ಮ ಟಿವಿ-ವಿಡಿಯೋದ ಪಾಲ್ (PAL) ಪದ್ಧತಿ 25. ಪಾತ್ರಗಳೆಲ್ಲ ಸ್ವಲ್ಪ ಕೀಚು ದನಿಯಲ್ಲಿ, ಫಾಸ್ಟ್ ಲೋಕಲ್ ಹಿಡಿದು ನರಕಕ್ಕೆ ಹೋಗುತ್ತಾರೆ. ಬ್ಲೂ-ರೇಯಲ್ಲಿ ಸ್ಲೋ ಲೋಕಲ್, ಪೂರ್ತಿ 96.

ಇನ್ನು, ಹೊಸ ಎಲ್ಇಡಿ ಟಿವಿಯ ಬುಡದಲ್ಲಿ ಚಿತ್ರದುದ್ದಕ್ಕೂ ಪಟಪಟ ಕುಣಿಯುವ ಬಿಳಿ ಗೆರೆಗೆ ಯಾರೂ ಹೆದರಬೇಕಿಲ್ಲ. ಒಂದು ಹೆಡ್ ಇನ್ನೊಂದಕ್ಕೆ ಕೆಲಸ ದಾಟಿಸುವ ಜಾಗ ಅದು. ಹಳೆಯ ಡಬ್ಬಾ ಟಿವಿಯ ಅಂಚು ಅದನ್ನು ಮರ್ಯಾದೆಯಿಂದ ಮುಚ್ಚಿಡುತ್ತಿತ್ತು.