ಎಂಟು ಪದಕಗಳಾಚೆಯ ಕ್ರಿಸ್ಟಿ ರಿಂಗ್

ಕ್ರಿಸ್ಟಿ ರಿಂಗ್ ಹೆಸರೆತ್ತಿದರೆ ಸಾಕು, ಐರ್ಲೆಂಡಿನ ಕೋಲು-ಚೆಂಡಿನ ಆಟವಾದ ಹರ್ಲಿಂಗ್ ಬಲ್ಲವರು ಮೊದಲು ಎಣಿಸುವುದು ಅವರ ಎಂಟು ಆಲ್-ಐರ್ಲೆಂಡ್ ಪದಕಗಳನ್ನು, ಅಂದರೆ ಕೌಂಟಿ (ಜಿಲ್ಲೆ) ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದವರಿಗೆ ಸಿಗುವ ಪದಕಗಳನ್ನು. 1941ರಿಂದ 44ರವರೆಗೆ ಸತತ ನಾಲ್ಕು, 46ರಲ್ಲೊಂದು, ಮತ್ತೆ 52, 53, 54ರಲ್ಲಿ ಮೂರು. ಎಂಟು ಗೆದ್ದ ಮೊದಲಿಗರು ಅವರೇ. ಇದರಲ್ಲಿ ಎರಡು ಮಾತಿಲ್ಲ. ಆದರೆ ರಿಂಗ್ ಈ ಆಟವನ್ನು ಎಷ್ಟು ಬಲ್ಲವರಾಗಿದ್ದರು ಎಂಬುದು ಪೂರ್ತಿ ಗೊತ್ತಾಗುವುದು 1976, 77, 78ರಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಗ ಅವರ ವಯಸ್ಸು ಐವತ್ತು ದಾಟಿತ್ತು. ಕಾರ್ಕ್ ತಂಡದ ಸೆಲೆಕ್ಟರ್ ಆಗಿ ಮೈದಾನದ ಗೆರೆಯಾಚೆ ನಿಂತಿದ್ದರು.

ಆಟ ನೋಡದವರಿಗಾಗಿ ಒಂದಿಷ್ಟು ವಿವರ. ತಂಡಕ್ಕೆ 15 ಜನ. ಗೋಲಿಯ (ಗೋಲ್‌ಕೀಪರ್) ಮುಂದೆ ಮೂವರು ಫುಲ್ ಬ್ಯಾಕ್, ಅವರ ಮುಂದೆ ಮೂವರು ಹಾಫ್ ಬ್ಯಾಕ್, ನಡುವೆ ಇಬ್ಬರು, ಆಮೇಲೆ ಮೂರು ಮೂರರಂತೆ ಎರಡು ಸಾಲು ಫಾರ್ವರ್ಡ್. ಕೋಲಿಗೆ ಹರ್ಲಿ ಅನ್ನುತ್ತಾರೆ. ಸಾಂಪ್ರದಾಯಿಕವಾಗಿ ಅದನ್ನು ಆಶ್ ಮರದ ಬುಡದಿಂದಲೇ ಕೊಯ್ಯುತ್ತಾರೆ. ಬೇರು ಹೊರಳುವ ಕಡೆ ಮರದ ಎಳೆಯೂ ಬಾಗಿರುತ್ತದೆ, ಕೋಲಿನ ಅಗಲವಾದ ತುದಿ ಆ ಬಾಗಿನಲ್ಲೇ ಬರಬೇಕು. ಎಳೆ ಅಡ್ಡ ಹಾಯ್ದಿದ್ದರೆ ಜೋರಾದ ಒಂದು ಡಿಕ್ಕಿಗೆ ಸೀಳಿಹೋಗುತ್ತದೆ. ಚೆಂಡಿನ ತೂಕ 110ರಿಂದ 120 ಗ್ರಾಂ. ಅಡ್ಡಪಟ್ಟಿಯ ಕೆಳಗೆ ಬಲೆ ಸೇರಿದರೆ ಗೋಲು, ಮೂರು ಪಾಯಿಂಟ್. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿದರೆ ಒಂದು. 2-21 ಎಂದು ಬರೆದಿದ್ದರೆ ಎರಡು ಗೋಲು, 21 ಪಾಯಿಂಟ್, ಒಟ್ಟು 27.

ರಿಂಗ್ ಹುಟ್ಟಿದ್ದು 1920ರಲ್ಲಿ, ಕಾರ್ಕ್ ಕೌಂಟಿಯ ಕ್ಲೋಯ್ನ್‌ನಲ್ಲಿ. ಆಡಿದ್ದು ಗ್ಲೆನ್ ರೋವರ್ಸ್ ಕ್ಲಬ್ಬಿಗೆ. ಹೊಟ್ಟೆಪಾಡಿಗೆ ತೈಲದ ಟ್ಯಾಂಕರ್ ಓಡಿಸುತ್ತಿದ್ದರು, ಏಕೆಂದರೆ ಹರ್ಲಿಂಗ್‌ನಲ್ಲಿ ಆಟಗಾರರಿಗೆ ಸಂಬಳವಿಲ್ಲ, ಇವತ್ತಿಗೂ ಇಲ್ಲ. 1956ರ ಫೈನಲ್ಲಿನ ಕೊನೆಯ ಹೊತ್ತಿನಲ್ಲಿ ಅವರು ಬಾರಿಸಿದ ಚೆಂಡನ್ನು ಎದುರಾಳಿ ಕೌಂಟಿ ವೆಕ್ಸ್‌ಫರ್ಡಿನ ಗೋಲಿ ಆರ್ಟ್ ಫೋಲಿ ತಡೆದರು. ಒಂಬತ್ತನೇ ಪದಕ ಕೈತಪ್ಪಿತು. ಪಂದ್ಯ ಮುಗಿದ ಮೇಲೆ ಗೆದ್ದ ತಂಡದವರೇ ರಿಂಗ್‌ರನ್ನು ಹೆಗಲ ಮೇಲೆ ಹೊತ್ತು ನಡೆದರು. ಎದುರಾಳಿಗಳಿಂದ ಅಂಥ ಗೌರವ ಸಿಕ್ಕಿದ್ದು ಎಷ್ಟು ಜನಕ್ಕೆ?

ಇನ್ನು ಸೆಲೆಕ್ಟರ್ ಕೆಲಸ. ನಮ್ಮ ಕ್ರಿಕೆಟ್ಟಿನ ಆಯ್ಕೆ ಸಮಿತಿಯ ಹಾಗೆ ಪಟ್ಟಿ ಪ್ರಕಟಿಸಿದರೆ ಇಲ್ಲಿ ಕೆಲಸ ಮುಗಿಯುವುದಿಲ್ಲ. ಪಂದ್ಯದ 70 ನಿಮಿಷವೂ ಸೆಲೆಕ್ಟರ್‌ಗಳು ಗೆರೆಯ ಪಕ್ಕದಲ್ಲಿ ನಿಂತು ಯಾರನ್ನು ಎಲ್ಲಿಗೆ ಸರಿಸಬೇಕು, ಯಾರನ್ನು ಹೊರಗೆ ಕರೆಯಬೇಕು ಎಂದು ನಿರ್ಧರಿಸುತ್ತಾರೆ. ಎಡವಟ್ಟಾಗುವುದೂ ಇಲ್ಲೇ. ಚೆಂಡೇ ಸರಿಯಾಗಿ ಬರದ ಫಾರ್ವರ್ಡ್‌ನನ್ನು ಹೊರಗೆ ಕರೆಯುತ್ತಾರೆ, ತೊಂದರೆ ಇರುವುದು ಅವನ ಹಿಂದಿನ ಸಾಲಿನಲ್ಲಿ. ಒಂದೇ ಸಲಕ್ಕೆ ಮೂವರ ಜಾಗ ಬದಲಿಸುತ್ತಾರೆ, ಸೋಲುತ್ತಿದ್ದ ಒಂದು ಸಾಲಿನ ಜೊತೆ ಗೆಲ್ಲುತ್ತಿದ್ದ ಇನ್ನೊಂದು ಸಾಲೂ ಕೆಡುತ್ತದೆ. ದೊಡ್ಡ ಆಟಗಾರರಾಗಿದ್ದವರಿಗೆ ಇದು ಇನ್ನೂ ಕಷ್ಟ. ತಮಗೆ ಸಲೀಸಾಗಿದ್ದದ್ದು ಉಳಿದವರಿಗೆ ಯಾಕೆ ಆಗುತ್ತಿಲ್ಲ ಎಂದೇ ಅವರಿಗೆ ತಿಳಿಯುವುದಿಲ್ಲ.

1976ರ ಫೈನಲ್ ನೋಡಿ. 1970ರ ನಂತರ ಕಾರ್ಕ್ ಗೆದ್ದಿರಲಿಲ್ಲ. ಪಂದ್ಯ ಶುರುವಾಗಿ ಕೆಲವೇ ನಿಮಿಷಗಳಲ್ಲಿ ವೆಕ್ಸ್‌ಫರ್ಡ್ 2-2, ಕಾರ್ಕ್ ಸೊನ್ನೆ. ಹೇಗೋ ಚೇತರಿಸಿಕೊಂಡರೂ ವೆಕ್ಸ್‌ಫರ್ಡಿನ ಸೆಂಟರ್ ಬ್ಯಾಕ್ (ಹಾಫ್ ಬ್ಯಾಕ್ ಸಾಲಿನ ನಡುವಿನವರು) ಮಿಕ್ ಜೇಕಬ್ ಅಡ್ಡಗೋಡೆಯಾಗಿದ್ದರು. ಈ ಜಾಗ ಯಾಕೆ ಮುಖ್ಯ ಅಂದರೆ, ಗೋಲಿ ದೂರಕ್ಕೆ ಹೊಡೆದ ಎತ್ತರದ ಚೆಂಡುಗಳಲ್ಲಿ ಹೆಚ್ಚಿನವು ಇಳಿಯುವುದು 6ನೇ ನಂಬರಿನ ಸೆಂಟರ್ ಬ್ಯಾಕ್ ಮತ್ತು ಎದುರಾಳಿಯ 11ನೇ ನಂಬರಿನ ಸೆಂಟರ್ ಫಾರ್ವರ್ಡ್ ಸೆಣಸುವ ಕಡೆ. 6 ಅಲ್ಲಿ ಆಳಿದರೆ ಅವನ ಬೆನ್ನ ಹಿಂದಿರುವ ಎದುರಾಳಿಯ ಮೂವರು ಫಾರ್ವರ್ಡ್‌ಗಳಿಗೆ ಚೆಂಡೇ ಮುಟ್ಟುವುದಿಲ್ಲ. ದ್ವಿತೀಯಾರ್ಧದಲ್ಲಿ ಕಾರ್ಕ್ ಜಿಮ್ಮಿ ಬ್ಯಾರಿ-ಮರ್ಫಿಯನ್ನು ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದಿತು. 1973ರಲ್ಲಿ ಕಾರ್ಕ್ ಪರ ಗೇಲಿಕ್ ಫುಟ್‌ಬಾಲಿನ (ಐರ್ಲೆಂಡಿನದೇ ಫುಟ್‌ಬಾಲ್) ಆಲ್-ಐರ್ಲೆಂಡ್ ಕೂಡ ಗೆದ್ದಿದ್ದ ಹುಡುಗ, ನಿಂತಲ್ಲಿ ನಿಲ್ಲುವವನಲ್ಲ. ಅಲ್ಲಿಂದ ಪಂದ್ಯ ತಿರುಗಿತು. ಈ ಬದಲಾವಣೆಯ ಶ್ರೇಯವನ್ನು ಕಾರ್ಕ್ ಜನ ರಿಂಗ್‌ಗೇ ಕೊಡುತ್ತಾರೆ. ತರಬೇತುದಾರರಾಗಿ ಫಾದರ್ ಬರ್ಟಿ ಟ್ರಾಯ್ ಇದ್ದರು, ಬೇರೆ ಸೆಲೆಕ್ಟರ್‌ಗಳೂ ಇದ್ದರು, ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮಿಕ್ ಜೇಕಬ್‌ಗೆ ಎಂಥವನು ಕಷ್ಟ ಕೊಡಬಲ್ಲ ಎಂದು ಅಳೆಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಫಾರ್ವರ್ಡ್ ಆಗಿ ಪೆಟ್ಟು ತಿಂದ ಅನುಭವ ಬೇಕು.

ಮೂರೂ ಫೈನಲ್‌ಗಳ ಸ್ಕೋರ್ ಪಕ್ಕಪಕ್ಕ ಇಟ್ಟು ನೋಡಿ. 1976: ಕಾರ್ಕ್ 2-21, ವೆಕ್ಸ್‌ಫರ್ಡ್ 4-11. 1977: ಕಾರ್ಕ್ 1-17, ವೆಕ್ಸ್‌ಫರ್ಡ್ 3-8. 1978: ಕಾರ್ಕ್ 1-15, ಕಿಲ್ಕೆನ್ನಿ 2-8. ಮೂರರಲ್ಲೂ ಎದುರಾಳಿಗಳೇ ಹೆಚ್ಚು ಗೋಲು ಹೊಡೆದಿದ್ದಾರೆ, ಮೂರರಲ್ಲೂ ಗೆದ್ದಿದ್ದು ಕಾರ್ಕ್. ಆಟಗಾರನಾಗಿ ಗೋಲು ಹೊಡೆಯುವುದಕ್ಕೇ ಹೆಸರಾದ ಮನುಷ್ಯ ಸೆಲೆಕ್ಟರ್ ಆದಾಗ ಅವರ ತಂಡ ಗೆದ್ದಿದ್ದು ದೂರದಿಂದ ಒಂದೊಂದಾಗಿ ಕೂಡಿಸಿದ ಪಾಯಿಂಟ್‌ಗಳಿಂದ. ಗೋಲು ಬಿಟ್ಟುಕೊಟ್ಟ ಮೇಲೂ ಗಾಬರಿಯಾಗಿ ಪ್ರತಿ ಚೆಂಡನ್ನೂ ಬಲೆಗೇ ನುಗ್ಗಿಸಲು ಹೋಗದ ತಂಡವಿದು. ಅಂಥ ತಾಳ್ಮೆ ತಂತಾನೇ ಬರುವುದಿಲ್ಲ.

ರಿಂಗ್ 1979ರ ಮಾರ್ಚ್ 2ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿಯ ಬಳಿ ಮಾತನಾಡಿದವರು ಅವರ ಜೊತೆಗೇ ಆಡಿ, ಆಗ ದೇಶದ ಪ್ರಧಾನಿಯಾಗಿದ್ದ ಜಾಕ್ ಲಿಂಚ್. ಅದೇ ವರ್ಷ ಸತತ ನಾಲ್ಕನೆಯದಕ್ಕೆ ಹೊರಟಿದ್ದ ಕಾರ್ಕ್ ಸೆಮಿಫೈನಲ್ಲಿನಲ್ಲಿ ಗಾಲ್ವೇಗೆ ಸೋತಿತು.

ಕಾರ್ಕ್‌ನಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ರಿಂಗ್ ಹೆಸರಿನದೇ ಮೈದಾನ ಪಾರ್ಕ್ ಈ ರಿನ್‌ನಲ್ಲಿ ಒಂದು ಕ್ಲಬ್ ಪಂದ್ಯ ನೋಡಿ. ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಮೊದಲ ಹದಿನೈದು ನಿಮಿಷ 6 ಮತ್ತು 11ನೇ ನಂಬರಿನವರನ್ನು ಮಾತ್ರ ನೋಡಿ, ಆಮೇಲೆ ಗೆರೆಯ ಪಕ್ಕ ನಿಂತವರು ಯಾರನ್ನು ಕೂಗುತ್ತಿದ್ದಾರೆ ಎಂದು ಗಮನಿಸಿ.